ಮಾಸಲು ಪುಕ್ಕದ ಅಳಿಯ

ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ ಎರಡು ಕುರ್ಚಿ. ಮೊದಲನೆಯದು ಮಾವನದು: ಕಪ್ಪು ಕೋಟು, ಹುರಿ ಮೀಸೆ, ಬೀದಿಗೆಲ್ಲ ಕೇಳುವ ಗಂಟಲು. ಮೂಲೆಯದು ಮನೆ ಅಳಿಯನದು. ಮೂವತ್ತು ದಾಟಿದರೂ ಮೀಸೆಯಿಲ್ಲ. ಅಂಗಿಗೆ ನೆಲ ಒರೆಸುವ ಬಟ್ಟೆಯ ಬಣ್ಣ. ಹೊಸ ಗಿರಾಕಿಗಳು ಅವನನ್ನು ಕಸ ಗುಡಿಸುವವನೆಂದೇ ತಿಳಿಯುತ್ತಿದ್ದರು. ಅವನೂ ಅಲ್ಲವೆನ್ನುತ್ತಿರಲಿಲ್ಲ. ಬೆಂಚಿನ ಮೇಲೆ ಹಳೇ ಪೇಪರು ಓದುವ ಮೇಧಾವಿಗಳಾದ ನಾವು ಅವನಿಗೆ ‘ಒದ್ದೆ ಬೆಕ್ಕು’ ಎಂದು ಹೆಸರಿಟ್ಟಿದ್ದೆವು.

ಹಿತ್ತಲ ಗೋಡೆಯ ಮೇಲೂ ಅಂಥದೇ ಒಂದು ಜೀವವಿತ್ತು. ಕರಿ ಗಂಡುಹಕ್ಕಿಯೊಂದು ತನ್ನ ಕಂದು ಹೆಂಡತಿಯೊಡನೆ ಅಲ್ಲಿ ಗೂಡು ಕಟ್ಟಿತ್ತು. ದೂರದ ತುದಿಯಲ್ಲಿ ಇನ್ನೊಂದು ಕಂದು ಹಕ್ಕಿ ಕೂತು ಹಾಡುತ್ತಿತ್ತು.

“ಹಾಡೋದು ಗಂಡಿನ ಹಾಡು, ಉಟ್ಟಿರೋದು ಹೆಣ್ಣಿನ ಬಣ್ಣ. ಥೇಟ್ ನಮ್ಮ ಅಳಿಯಂದ್ರು!” ಎಂದರು ಮಾವ, ನನ್ನ ತಲೆಗೆ ಕಪ್ಪು ಬಣ್ಣ ಬಳಿಯುತ್ತಾ.

ನಾನು ಸುಮ್ಮನಿರಬಹುದಿತ್ತು. ಆದರೆ ಓದಿದವನಲ್ಲವೇ, ತುರಿಕೆ. ಕೆಲವು ಜಾತಿಯ ಎಳೆ ಗಂಡುಗಳು ಪ್ರಾಯಕ್ಕೆ ಬಂದ ಮೇಲೂ ಒಂದು ವರ್ಷ ಮಾಸಲಾಗಿಯೇ ಇರುತ್ತವೆ. ಹಿರಿಯ ಗಂಡು ಅವನ್ನು ಹೆಣ್ಣೆಂದುಕೊಳ್ಳುತ್ತದೋ, ಲೆಕ್ಕಕ್ಕಿಲ್ಲದ ಹುಡುಗರೆಂದುಕೊಳ್ಳುತ್ತದೋ, ಪಂಡಿತರಲ್ಲೇ ಜಗಳ. ಅಂತೂ ಕುಕ್ಕುವುದು ಕಡಿಮೆ ಎಂದೆ.

“ಹೇಡಿಗೆ ನೂರು ನೆಪ! ಅಳಿಯಂದ್ರೇ, ಸೋಮವಾರದಿಂದ ನೀವೂ ಕಪ್ಪು ಕೋಟು ಹಾಕಿ, ಮೀಸೆ ಬಿಟ್ಟು ನನ್ನ ಪಕ್ಕ ನಿಲ್ಬೇಕು. ಇಲ್ಲಾಂದ್ರೆ ಬೇರೆ ಕಡೆ ಕೆಲಸ ನೋಡ್ಕೊಳ್ಳಿ.”

ಅಳಿಯನ ಮುಖ ಇನ್ನಷ್ಟು ಮಾಸಿತು. ಹಿಂದೆ ಕಪ್ಪು ಕೋಟು ಹಾಕಿ ಪಕ್ಕ ನಿಂತವನು ಮಾವನ ಸ್ವಂತ ಮಗ. ಗಿರಾಕಿಗಳು ಅವನನ್ನು ‘ಯಜಮಾನ್ರೇ’ ಎಂದ ವಾರವೇ ಅವನ ಪೆಟ್ಟಿಗೆ ಬೀದಿಗೆ ಬಿದ್ದಿತ್ತು. ಕೋಟು ಹಾಕಿದರೂ ಕೆಲಸ ಹೋಯಿತು, ಹಾಕದಿದ್ದರೂ ಹೋಯಿತು.

ಅಷ್ಟರಲ್ಲಿ ಆ ಹಾಡುವ ಕಂದು ಹಕ್ಕಿ ಹಿತ್ತಲ ಬಾಗಿಲಿಂದ ನುಗ್ಗಿ, ಕನ್ನಡಿಗೆ ಬಡಿದು ಬಿತ್ತು. ಮಾವ ಟವೆಲ್ ಹಾಕಿ ಹಿಡಿದರು. ಐವತ್ತರ ನರೆತಲೆಗೆ ಇಪ್ಪತ್ತರ ಪುಕ್ಕ ಬೇಕೆಂದು ಕೂತಿದ್ದ ನನ್ನ ತಲೆಯ ಒಂದು ಮಗ್ಗುಲು ಮಾತ್ರ ಕಪ್ಪಾಗಿತ್ತು. ಉಳಿದ ಬಣ್ಣವನ್ನು ಮಾವ ಹಕ್ಕಿಗೆ ಬಳಿದು, ಒಯ್ದು ಗೋಡೆಯ ಮೇಲೆ ಬಿಟ್ಟರು.

“ಹೋಗಯ್ಯಾ, ಗಂಡಸಾಗು!”

ಇಷ್ಟು ದಿನ ಕಂಡೂ ಕಾಣದಂತಿದ್ದ ಕರಿ ಹಕ್ಕಿ ಬಾಣದ ಹಾಗೆ ಬಂತು. ಎಳೆಯದು ನೆಲಕ್ಕುರುಳಿ ಕುಕ್ಕಿಸಿಕೊಳ್ಳತೊಡಗಿತು. ಅಳಿಯ ಓಡಿ, ಪೊರಕೆ ಬೀಸಿ, ಅದನ್ನೆತ್ತಿ ತಂದು ಬೆಚ್ಚಗಿನ ನೀರಲ್ಲಿ ತೊಳೆದ. ಹಸಿ ಬಣ್ಣ ಇಳಿಯಿತು. ಒಣಗಿಸಿ ಬಿಟ್ಟಾಗ ಹಕ್ಕಿ ಕುಂಟುತ್ತಾ ತನ್ನ ತುದಿ ಸೇರಿತು. ಕರಿಯ ತಿರುಗಿಯೂ ನೋಡಲಿಲ್ಲ.

“ಎಂಥ ಮುದಿ ಕೊಬ್ಬು!” ಮಾವ ಹಲ್ಲು ಕಡಿದರು. “ಎಳೇದು ಪಕ್ಕದಲ್ಲಿ ನಿಂತ್ರೆ ಇದರಪ್ಪನ ಗಂಟೇನು ಹೋಗ್ತಿತ್ತು?”

“ಅಣ್ಣನ್ನ ಕೇಳಪ್ಪಾ, ಹೇಳ್ತಾನೆ,” ಎಂದಳು ಒಳಗಿಂದ ಮಗಳು.

ಮೀಸೆ ತೀಡುತ್ತಿದ್ದ ಕೈ ನಿಂತಿತು. ಅಳಿಯ ಕೈ ಒರೆಸಿಕೊಳ್ಳುತ್ತಾ ಕೇಳಿದ, “ಸೋಮವಾರದ ಕೋಟು ಎಲ್ಲಿದೆ ಮಾವ?”

“ದರ್ಜಿ ಹತ್ರ. ಅವನೊಬ್ಬ ಸೋಮಾರಿ, ನಿಧಾನಕ್ಕೆ ಬರ್ಲಿ ಬಿಡಿ. ನೀವು ಮೂಲೆ ಕುರ್ಚೀನೇ ನೋಡ್ಕೊಳ್ಳಿ.”

ಬೀದಿಯ ಅರ್ಧ ಗಿರಾಕಿಗಳು ಈಗ ಆ ಮೂಲೆ ಕುರ್ಚಿಗೇ ಕಾಯುತ್ತಾರೆ. ಮಾವನಿಗೆ ಅದಿನ್ನೂ ಕಂಡಿಲ್ಲ. ಮಾಸಲು ಅಂಗಿ ಅವರ ಕಣ್ಣಿಗೆ ಬೀಳುವುದಿಲ್ಲ.

ಅವತ್ತು ಬಣ್ಣ ಮುಗಿದಿತ್ತು. ನಾನು ಅರ್ಧ ಕಪ್ಪು ತಲೆ ಹೊತ್ತು ಬೀದಿಯುದ್ದಕ್ಕೂ ಎದೆಯುಬ್ಬಿಸಿ ನಡೆದೆ. ಯಾವ ಗಂಡಸೂ ನನ್ನ ಮೇಲೆ ಎಗರಲಿಲ್ಲ.