ದಕ್ಷಿಣದ ಕಿಟಕಿ

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಾವು ಕೊಂಡ ಹಳೆಯ ಮನೆಯಲ್ಲಿ ನನಗೆ ಇಷ್ಟವಾಗಿದ್ದು ಒಂದೇ, ಅಡುಗೆಮನೆಯ ದಕ್ಷಿಣದ ಕಿಟಕಿ. ಚಳಿಗಾಲದಲ್ಲಿ ಆ ಊರಿನ ಸೂರ್ಯ ನೆತ್ತಿಗೆ ಏರುವುದೇ ಇಲ್ಲ. ದಕ್ಷಿಣದಲ್ಲಿ, ಎದುರುಮನೆಯ ಮಾಡಿನ ಮೇಲೆ ಒಂದಿಷ್ಟು ಹೊತ್ತು ಮುಖ ತೋರಿಸಿ ಹೋಗುತ್ತಾನೆ. ಆಗ ಬಿಸಿಲು ಒಳಬಂದು ಒಲೆಯವರೆಗೂ ಚಾಚಿಕೊಳ್ಳುತ್ತಿತ್ತು. ನಾನು ತಲೆಗೆ ಎರೆದುಕೊಂಡು, ಬಿಸಿಲಿಗೆ ಬೆನ್ನು ಕೊಟ್ಟು, ಹುರುಳಿಕಾಯಿ ಸೋಸುತ್ತ ಕೂರುತ್ತಿದ್ದೆ. ಗಂಡ ಲಿಂಡ್‌ಹೋಲ್ಮೆನ್‌ನ ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ನನಗೆ ಕೆಲಸವಿರಲಿಲ್ಲ, ಅಲ್ಲಿನ ಭಾಷೆ ಬರುತ್ತಿರಲಿಲ್ಲ. ಮನೆಗೆ ಬರುವ ನೆಂಟ ಎಂದರೆ ಆ ಬಿಸಿಲೇ.

ಮನೆಯ ಸಂದುಗೊಂದಿಗಳಿಂದೆಲ್ಲ ಚಳಿ ನುಗ್ಗುತ್ತಿತ್ತು. ಬೇಸಿಗೆಯಲ್ಲಿ ಗೋಡೆಗಳಿಗೆ ಶಾಖ ತಡೆಯುವ ದಪ್ಪ ಹೊದಿಕೆ ಹಾಕಿಸಿ, ಮೂರು ಪದರ ಗಾಜಿನ ಕಿಟಕಿ ಕೂರಿಸಿ, ಕರೆಂಟು ಉಳಿಸುವ ಮನೆ ಮಾಡೋಣ ಎಂದು ಗಂಡ ಹೊರಟರು. ನಾನೂ ಹಿಗ್ಗಿದೆ. ಅವರು ಮನೆಯ ನಕ್ಷೆಯನ್ನು ಬೆಂಗಳೂರಿಗೆ ಕಳಿಸುವವರೆಗೆ.

ಅತ್ತೆ ಅದನ್ನು ತಮ್ಮ ವಾಸ್ತು ಪಂಡಿತರಿಗೆ ತೋರಿಸಿ ಫೋನು ಮಾಡಿದರು. "ದಕ್ಷಿಣಕ್ಕೆ ಅಷ್ಟು ದೊಡ್ಡ ಕಿಟಕಿ ಇಟ್ಕೊಂಡು ಹೇಗಪ್ಪಾ ಇದೀರಾ? ಅದು ಯಮನ ದಿಕ್ಕು. ಮುಚ್ಚಿಸಿಬಿಡು. ಈಶಾನ್ಯಕ್ಕೆ ತೆಗೆಸು, ಲಕ್ಷ್ಮಿ ಬರ್ತಾಳೆ."

"ರೀ, ಇಲ್ಲಿ ಚಳಿಗಾಲದಲ್ಲಿ ಸೂರ್ಯ ಈಶಾನ್ಯದ ಕಡೆ ತಲೆನೇ ಹಾಕಲ್ಲ," ಎಂದೆ. "ಇರೋದೇ ದಕ್ಷಿಣದಲ್ಲಿ. ನೀವು ಆಫೀಸಲ್ಲಿರ್ತೀರ, ನಿಮಗೆ ಗೊತ್ತಾಗಲ್ಲ."

"ಕಿಟಕಿ ದೊಡ್ಡದಾದಷ್ಟೂ ಹೀಟ್ ಲಾಸ್ ಜಾಸ್ತಿ ಕಣೇ. ಸಿಂಪಲ್ ಫಿಸಿಕ್ಸ್."

ಅಮ್ಮನ ಮಾತಿಗೆ ಫಿಸಿಕ್ಸಿನ ಅಂಗಿ ತೊಡಿಸಿದ್ದರು. ಹಾಗಾದರೆ ಈಶಾನ್ಯಕ್ಕೆ ತೆಗೆಸುವ ಹೊಸ ಕಿಟಕಿಯಲ್ಲಿ ಶಾಖ ಸೋರುವುದಿಲ್ಲವೇ ಎಂದು ಕೇಳಿದೆ. ಅವರು ಅಲ್ಲಿನ ನಗರಸಭೆಯಾದ ಕೊಮ್ಯೂನ್ ಕಚೇರಿಯಲ್ಲೂ ಶಾಖದ ಉಳಿತಾಯ ಎಂದೇ ಹೇಳಿ, ಕಿಟಕಿ ಮುಚ್ಚಿಸಲು ಅನುಮತಿ ತಂದರು. ಅಲ್ಲಿನವರಿಗೆ ಯಮ ಎಲ್ಲಿ ಗೊತ್ತು!

ಕೆಲಸ ಮುಗಿದ ಮೇಲೆ ಕನ್ನಡದವರನ್ನೆಲ್ಲ ಊಟಕ್ಕೆ ಕರೆದೆವು. ಬಂದವರು ಸ್ವೆಟರ್ ಬಿಚ್ಚಿಟ್ಟು, "ಏನ್ ಬೆಚ್ಚಗಿದೆ ಮನೆ!" ಎಂದು ಹೊಗಳಿದರು. ಬೆಚ್ಚಗಿದ್ದುದು ನಿಜ. ಗಂಡ ಬೀಗಿದರು. ನಾನು ಬಿಸಿಬೇಳೆಭಾತ್ ಬಡಿಸಿದೆ.

ಆ ಚಳಿಗಾಲದಲ್ಲಿ ಮಧ್ಯಾಹ್ನವೂ ದೀಪ ಹಾಕಿಯೇ ಅಡುಗೆ. ಈಶಾನ್ಯದ ಕಿಟಕಿಯಲ್ಲಿ ಲಕ್ಷ್ಮಿ ಇರಲಿ, ಬೆಳಕೇ ಬರಲಿಲ್ಲ. ಹಾಸಿಗೆ ಬಿಟ್ಟು ಏಳಲು ಮನಸ್ಸಾಗುತ್ತಿರಲಿಲ್ಲ. ಕುಕ್ಕರ್ ಕೂಗಿದರೂ ಅಳು ಬರುತ್ತಿತ್ತು. ಗೋಡೆ ಒಡೆಸಿ ಎಂದು ಗೋಗರೆದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ಗಂಡ, ಬಿಸಿಲಿಲ್ಲದೆ ಕುಗ್ಗಿದವರಿಗೆಂದೇ ಅಲ್ಲಿ ಮಾರುವ, ಕಣ್ಣು ಕುಕ್ಕುವ ಒಂದು ದೀಪ ತಂದು, ಆ ಮುಚ್ಚಿದ ಗೋಡೆಗೇ ಆನಿಸಿಟ್ಟು, "ದಿನಾ ಇದರ ಮುಂದೆ ಕೂತ್ಕೋ, ಸರಿಹೋಗುತ್ತೆ" ಎಂದರು. ಕರೆಂಟು ಉಳಿಸುತ್ತೇವೆಂದು ಸೂರ್ಯನನ್ನು ಮುಚ್ಚಿ, ಸೂರ್ಯನ ಬದಲಿಗೆ ಕರೆಂಟು ಉರಿಸಿದ ಮನೆ ಲೋಕದಲ್ಲಿ ನಮ್ಮದೊಂದೇ ಇರಬೇಕು. ಇನ್ನೂ ಮೂರು ಚಳಿಗಾಲ ಅದರ ಮುಂದೆ ಕೂತೆ. ಅವರ ಮೇಲೆ ನನಗಿದ್ದ ಪ್ರೀತಿ ಆ ದೀಪದ ಮುಂದೆಯೇ ಒಣಗಿತು.

ಆಮೇಲೆ ಎಲ್ಲ ಕಡೆ ಕೆಲಸ ಹೋಗುವ ಕಾಲ ಬಂತು. ಅವರದೂ ಹೋಯಿತು. ಅಷ್ಟರಲ್ಲಿ ನಾನು ಸ್ವೀಡಿಷ್ ಕಲಿತು, ಮಕ್ಕಳನ್ನು ನೋಡಿಕೊಳ್ಳುವ ಒಂದು ದಾಗಿಸ್‌ನಲ್ಲಿ ಕೆಲಸಕ್ಕೆ ಸೇರಿದ್ದೆ. ಬೆಳಕು ಹರಿಯುವ ಮೊದಲೇ ಹೊರಟರೆ ಕತ್ತಲಾದ ಮೇಲೆ ಮನೆ. ಹಗಲು ಮನೆಯಲ್ಲಿ ಉಳಿದವರು ಈಗ ಅವರು. ಕೆಲವೇ ವಾರಗಳಲ್ಲಿ ಬಾಡಿಹೋದರು. ಒಂದು ಸಂಜೆ ನಾನು ಬಂದಾಗ ಆ ಗೋಡೆಯ ಮೇಲೆ ಕೈಯಿಟ್ಟು ನಿಂತಿದ್ದರು.

"ಇಲ್ಲೊಂದು ಕಿಟಕಿ ಇದ್ದಿದ್ರೆ ಚೆನ್ನಾಗಿರ್ತಿತ್ತು ಅಲ್ವಾ? ಹೊರಗೆ ಹೋಗಿ ನೋಡ್ದೆ. ಮಧ್ಯಾಹ್ನ ಬಿಸಿಲು ಈ ಕಡೆನೇ ಬರೋದು."

ತಾವೇ ಕಂಡುಹಿಡಿದವರ ಹಾಗೆ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಫೋನಿನಲ್ಲಿ ಅತ್ತೆ, "ಪಾಪ, ಮಗು ಕತ್ತಲಲ್ಲಿ ಕೂತಿದೆ. ತೆಗೆಸಿಕೊಳ್ಳಲಿ ಬಿಡು. ಕಡಲು ದಾಟಿದ ಮೇಲೆ ವಾಸ್ತು ಅಷ್ಟಾಗಿ ತಟ್ಟಲ್ಲವಂತೆ, ಪಂಡಿತರೇ ಹೇಳಿದರು," ಎಂದರು. ಅದೇ ಕಡಲನ್ನು ನಾನೂ ದಾಟಿದ್ದೆ.

ಜನವರಿಯಲ್ಲೇ ಗೋಡೆ ಒಡೆಸಿ ಕಿಟಕಿ ಕೂರಿಸಿದರು. ನಾನು ಮನೆಯಲ್ಲಿರುವ ಶನಿವಾರ, ಭಾನುವಾರಗಳಲ್ಲಿ ಮೋಡ, ಇಲ್ಲವೇ ಮಳೆ. ಒಂದು ಸಂಜೆ ನಾನು ಕೋಟು ಬಿಚ್ಚುತ್ತಿದ್ದಾಗ ಗಂಡ ಲವಲವಿಕೆಯಿಂದ ಎದುರು ಬಂದರು.

"ಇವತ್ತು ಎಂಥಾ ಬಿಸಿಲು ಗೊತ್ತಾ! ಕೂತಲ್ಲೇ ಜೊಂಪು ಹತ್ತಿಬಿಡ್ತು. ನೀನೂ ಇಲ್ಲಿರಬೇಕಿತ್ತು."

"ಇದ್ದೆನಲ್ಲ ರೀ," ಎಂದೆ.

"ಯಾವಾಗ?" ಎಂದು ಕೇಳಿದರು.