ನೆಗ್ಗಿದ ಕೊಂಡಿ

ನನ್ನ ಗಂಡನ ಕೈಯಲ್ಲಿರುವ ಗಡಿಯಾರ ನನ್ನ ತವರಿನವರು ಕೊಟ್ಟದ್ದಲ್ಲ. ಮನೆಗೆ ಬಂದವರು ಅದನ್ನು ನೋಡಿ, "ಭಾರಿ ಐತಲ್ರಿ, ಮಾವ ಕೊಟ್ಟಿದ್ದೇನು?" ಅಂತ ಕೇಳುತ್ತಾರೆ. ಇವರು "ಹೂಂ, ಮಾವ ಕೊಟ್ಟದ್ದು" ಅನ್ನುತ್ತಾರೆ. ಬಂದವರು ನನ್ನ ಕಡೆ ತಿರುಗಿ ಮೆಚ್ಚಿಕೊಂಡು ನಗುತ್ತಾರೆ, ನಾನೂ ಹಲ್ಲು ಕಿರಿಯುತ್ತೇನೆ. ಯಾವ ಮಾವ ಅಂತ ಅವರು ಕೇಳುವುದಿಲ್ಲ, ಇವರೂ ಬಿಡಿಸಿ ಹೇಳುವುದಿಲ್ಲ.

ಕೊಟ್ಟವರು ಗೊಳಸಂಗಿಯ ಮಾವ, ಇವರ ಮೊದಲ ಹೆಂಡತಿಯ ತಂದೆ. ಬಸವನ ಬಾಗೇವಾಡಿಯಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟು ನಾಲ್ಕು ಕಾಸು ಕಂಡವರು. ಇದ್ದೊಬ್ಬ ಮಗಳ ಲಗ್ನಕ್ಕೆ ಮುಂಬೈಯಿಂದ ಸ್ವಿಸ್ ಗಡಿಯಾರ ತರಿಸಿ ಅಳಿಯನ ಕೈಗೆ ತಾವೇ ಕಟ್ಟಿದರಂತೆ. ಆಗ ಇವರು ಸಿಂದಗಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಮೂರು ವರ್ಷಕ್ಕೆ ಆಕೆ ಕಾಮಾಲೆಯಿಂದ ತೀರಿಕೊಂಡಳು. ಆಮೇಲೆ ಬಂದವಳು ನಾನು, ಝಳಕಿ ಕಡೆಯ ಲಿಂಬೆ ತೋಟದವರ ಮಗಳು. ಇವರು ಕಾಲೇಜು ಬಿಟ್ಟು ಇಂಡಿಗೆ ಬಂದು ತಮ್ಮ ಹೊಲಕ್ಕೆ ಲಿಂಬೆ ಹಚ್ಚಿದ್ದು ನನ್ನ ಮಾತು ಕೇಳಿಯೇ. ಬೋರ್ಡಿನ ಮೇಲೆ ಬರೆಯಲು ಖಡು ಹಿಡಿದ ಕೈಗೆ ಸಲಿಕೆ ಹಿಡಿಸಿದವಳು ನಾನು. ಇದನ್ನು ಯಾರೂ ಹೇಳದ ಕಾರಣ ನಾನೇ ಹೇಳಿಕೊಳ್ಳಬೇಕಾಗಿದೆ.

ಆಕೆಯನ್ನು ನಾನು ಅಕ್ಕ ಅನ್ನಬೇಕು. ಮುತ್ತೈದೆಯಾಗಿ ಹೋದವಳು, ಅದಕ್ಕೇ ದೇವರ ಮನೆಯಲ್ಲಿ ಆಕೆಯ ಫೋಟೋ ಇದೆ. ಹಬ್ಬಕ್ಕೆ ನನಗೆ ಸೀರೆ ತಂದರೆ ಅದನ್ನು ಮೊದಲು ಆ ಫೋಟೋದ ಮುಂದಿಟ್ಟು, ಅರಿಷಿಣ ಕುಂಕುಮ ಏರಿಸಿ, ಆಮೇಲೆ ನಾನು ಉಡಬೇಕು. ಮದುವೆಯಾಗಿ ಬಂದ ವರ್ಷ ಅತ್ತೆ ಕಲಿಸಿದ ಪದ್ಧತಿ ಇದು. ಸೀರೆಗೆ ಮಾತ್ರ ಇದ್ದದ್ದು ಬರಬರುತ್ತ ಮನೆಗೆ ಬಂದ ಹೊಸ ಸಾಮಾನಿಗೆಲ್ಲ ಹಬ್ಬಿತು. ಕುಕ್ಕರ್ ಇಟ್ಟರು, ಮಿಕ್ಸರ್ ಇಟ್ಟರು. ನನಗೆ ಮೊಬೈಲ್ ತಂದಾಗ ಅದನ್ನೂ ಇಟ್ಟರು. ಮೊದಲ ಫೋನು ಯಾರಿಗೆ ಹಚ್ಚುತ್ತಾಳೋ ಅಂತ ನಾನು ಒಳಗೊಳಗೇ ಗೊಣಗಿದೆ. ಅತ್ತೆ ಹೋದ ಮೇಲೆ ಇದು ನಿಂತೀತು ಅಂದುಕೊಂಡಿದ್ದೆ, ಆದರೆ ಇವರು ಹಿಡಿದುಕೊಂಡರು. ಹೀಗಾಗಿ ಈ ಮನೆಯಲ್ಲಿ ನನಗೆ ಬರುವುದೆಲ್ಲ ಆಕೆ ಉಂಡುಟ್ಟು ಬಿಟ್ಟದ್ದೇ.

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವುದು ಶಾಣ್ಯಾತನ ಅಲ್ಲ ಅಂತ ಗೊತ್ತು. ಆದರೂ ಪಡುತ್ತೇನೆ. ಬದುಕಿದ್ದರೆ ಆಕೆಗೂ ಮೈ ಬರುತ್ತಿತ್ತು, ಮೊಣಕಾಲು ನೋಯುತ್ತಿದ್ದವು, ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಇವರಿಂದ ಮಾತು ಕೇಳುತ್ತಿದ್ದಳು. ಫೋಟೋದಲ್ಲಿರುವವಳಿಗೆ ಅದೊಂದೂ ಇಲ್ಲ. ಗೊಳಸಂಗಿಯ ಮಾವ ಒಳ್ಳೆಯವರೇ, ನನ್ನನ್ನೂ ಮಗಳು ಅಂತಲೇ ತಿಳಿದು ಪ್ರತಿ ವರ್ಷ ಪಂಚಮಿಗೆ ಕರೆಯುತ್ತಾರೆ. ಹೋದಾಗ ಕಟ್ಟೆಯ ಮೇಲೆ ಕುಳಿತವರು ಮೊದಲು ಅಳಿಯನ ಮಣಿಕಟ್ಟು ನೋಡಿ, "ಗಡಿಯಾರ ಛಲೋ ನಡೀತೈತಿ?" ಅಂತ ಕೇಳುತ್ತಾರೆ. ಆಮೇಲೆ ನನ್ನನ್ನು, "ಆರಾಮಿದ್ದೀಯೇನವಾ?" ಅನ್ನುತ್ತಾರೆ. ಪ್ರತಿ ವರ್ಷ ಇದೇ ಸರದಿ.

ಆ ಗಡಿಯಾರದ ಚೈನಿನ ಕೊಂಡಿಯ ಮೇಲೊಂದು ನೆಗ್ಗು ಇದೆ. ಏನಾದರೂ ವಿಚಾರ ಮಾಡುವಾಗ ಇವರು ಬಲಗೈ ಹೆಬ್ಬೆರಳಿನಿಂದ ಅದನ್ನು ಸವರುತ್ತ ಕೂಡುತ್ತಾರೆ. ಅದು ಆಕೆಯ ಕಾಲದ್ದೇ ಅಂತ ನಾನು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದೆ. ಹೇಗಾಯಿತು ಅಂತ ಮಾತ್ರ ಕೇಳಿರಲಿಲ್ಲ. ಕೇಳಿದರೆ ಹೇಳಿಬಿಟ್ಟಾರು ಅಂತ ಹೆದರಿಕೆ.

ಈ ವರ್ಷ ಪಂಚಮಿಗೆ ಮೊದಲು ತೋಟದಲ್ಲಿ ಹನಿ ನೀರಾವರಿಯ ಪೈಪು ಜೋಡಿಸುವಾಗ ಗಡಿಯಾರದೊಳಗೆ ನೀರು ಹೋಯಿತು. ಗಾಜಿನೊಳಗೆ ಮಂಜು ಕಟ್ಟಿ, ಮುದ್ದೇಬಿಹಾಳದಲ್ಲಿ ಒಂದು ಲಗ್ನಕ್ಕೆ ಹೋದಾಗ ನಿಂತೇಬಿಟ್ಟಿತು. ಮುಹೂರ್ತಕ್ಕೆ ಇನ್ನೆಷ್ಟು ಹೊತ್ತು ಅಂತ ಯಾರೋ ಕೇಳಿದರೆ ಇವರು ನಿಂತ ಗಡಿಯಾರವನ್ನೇ ನೋಡುತ್ತ ನಿಂತಿದ್ದರು. ಹಬ್ಬದೊಳಗೆ ಆಗಲೇಬೇಕು ಅಂತ ಸೊಲ್ಲಾಪುರಕ್ಕೆ ಹೊರಟೆವು. ಬೆಲೆಬಾಳುವ ವಿದೇಶಿ ಗಡಿಯಾರಗಳನ್ನೇ ರಿಪೇರಿ ಮಾಡುವವರೊಬ್ಬರು ಅಲ್ಲಿದ್ದಾರೆ.

ಅವರು ಗಡಿಯಾರ ಬಿಚ್ಚಿ ನೋಡಿ ಹೇಳಿದರು: "ಒಳಗ ತೊಳದು ಎಣ್ಣಿ ಬಿಡೂದು ಇದ್ದದ್ದ. ನೀರು ಹೋಗದಂಗೂ ಮಾಡ್ತೇನಿ. ಹೊರಗಿಂದು ನಿಮ್ಮ ಮರ್ಜಿ. ಹಂಗ ಬಿಡು ಅಂದ್ರ ಬಿಡ್ತೇನಿ, ಹೊಸಾದ ಮಾಡು ಅಂದ್ರ ಮಾಡ್ತೇನಿ."

"ಗೀರು ಎಲ್ಲಾ ಹೋಗ್ತಾವೇನ್ರಿ?" ಅಂತ ನಾನೇ ಕೇಳಿದೆ.

"ಹೋಗ್ತಾವ್ರಿ. ಡಯಲ್ ಕಲೆ ಬಿದ್ದೈತಿ, ಬಣ್ಣ ಹಚ್ಚಸೂಣು. ಕೊಂಡಿ ನೆಗ್ಗೈತಿ, ಅದನ್ನೂ ಸರಿ ಮಾಡೂಣು. ಆದ್ರ ಒಂದ ಜಾಗಾ ಮಾಡಿ ಒಂದ ಬಿಡಾಕ ಬರೂದಿಲ್ಲ. ತಿಕ್ಕಿದ್ದು ಹೊಳೀತೈತಿ, ಉಳಿದದ್ದು ಹೊಲಸ ಕಾಣ್ತೈತಿ. ಕೈ ಹಚ್ಚಿದ್ರ ಪೂರ್ತಿ ಹಚ್ಚಬೇಕು."

ಇವರು ನನ್ನತ್ತ ಕೈ ಮಾಡಿ, "ಈಕಿನ್ನ ಕೇಳ್ರಿ. ನನಗ ನಡದ್ರ ಸಾಕು" ಅಂದರು.

"ಪೂರ್ತಿ ಹೊಸಾದ ಮಾಡ್ರಿ" ಅಂದೆ. ಇವರ ಹೆಬ್ಬೆರಳು ಬರಿಗೈಯ ಮೇಲೆ ಕೊಂಡಿ ಇರುವ ಜಾಗ ಹುಡುಕುತ್ತಿತ್ತು. ನೋಡಿದರೂ ನೋಡದವಳ ಹಾಗೆ ಇದ್ದೆ. ವಾಪಸ್ಸು ಬರುವಾಗ ಝಳಕಿಯಲ್ಲಿ ಗಾಡಿ ನಿಲ್ಲಿಸಿ ಮಿರ್ಚಿಭಜಿ ತಿಂದೆವು. ನಾನು ಎರಡು ಹೆಚ್ಚೇ ತಿಂದೆ.

ಕೆಲವು ದಿನ ಬಿಟ್ಟು ಸೊಲ್ಲಾಪುರದವರು ನನ್ನ ಮೊಬೈಲಿಗೆ ಗಡಿಯಾರದ ನಾಲ್ಕೂ ಕಡೆಯ ಫೋಟೋ ಕಳಿಸಿ ಫೋನು ಹಚ್ಚಿದರು. ಡಯಲ್ ಮೊದಲಿಗೆ ಅಚ್ಚ ಬಿಳಿ ಇತ್ತೋ, ಹಾಲಿನ ಕೆನೆಯ ಬಣ್ಣ ಇತ್ತೋ ಗೊತ್ತಾಗುತ್ತಿಲ್ಲ, ಹಳೆಯ ಫೋಟೋ ಇದ್ದರೆ ಕಳಿಸಿರಿ, ಹಾಗೇ ಮಾಡಿಸುತ್ತೇನೆ ಅಂದರು. ಇವರು ತೋಟದಲ್ಲಿದ್ದರು. ಹಳೆಯ ಫೋಟೋ ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಟ್ರಂಕಿನ ತಳದಲ್ಲಿ, ಬಿಳಿ ಪಂಚೆಯಲ್ಲಿ ಸುತ್ತಿಟ್ಟ ಅವರ ಮೊದಲ ಲಗ್ನದ ಆಲ್ಬಮ್ಮು. ಇಷ್ಟು ವರ್ಷ ಅದನ್ನು ನಾನು ಬಿಚ್ಚಿರಲಿಲ್ಲ.

ಗೊಳಸಂಗಿಯ ಮಾವ, ತಲೆಕೂದಲೆಲ್ಲ ಕಪ್ಪಗಿದ್ದವರು, ಬಾಸಿಂಗ ಕಟ್ಟಿಕೊಂಡ ಇವರ ಕೈಗೆ ಗಡಿಯಾರ ಕಟ್ಟುತ್ತಿದ್ದಾರೆ. ಪಕ್ಕದಲ್ಲಿ ಆಕೆ. ದೇವರ ಮನೆಯ ಫೋಟೋದಲ್ಲಿ ಗಂಭೀರವಾಗಿ ಕೂತವಳು ಇಲ್ಲಿ ಗಡಿಯಾರ ನೋಡಿ ನಗುತ್ತಿದ್ದಳು. ಡಯಲ್ ಅಚ್ಚ ಬಿಳಿ. ಒಂದು ಗೀರಿಲ್ಲ, ಒಂದು ಕಲೆಯಿಲ್ಲ, ಎಲ್ಲ ಥಳಥಳ.

ಸೊಲ್ಲಾಪುರದಲ್ಲಿ ನಾನು ಮಾಡಲು ಹೇಳಿ ಬಂದದ್ದು ಈ ಥಳಥಳ ಗಡಿಯಾರವನ್ನೇ. ಆಕೆಯನ್ನು ಒರೆಸಿ ಹಾಕುತ್ತೇನೆ ಅಂತ ಹೊರಟವಳು, ಆಕೆಯ ಲಗ್ನದ ದಿನವನ್ನೇ ಮತ್ತೆ ಹೊಸದು ಮಾಡಿಸಿ ನನ್ನ ಗಂಡನ ಕೈಗೆ ಕಟ್ಟಿಸಲಿದ್ದೆ! ನನ್ನ ಬುದ್ಧಿಗೆ ಬೆಂಕಿ ಹಚ್ಚಬೇಕು. ಮಾಸಿದ್ದು, ಸವೆದದ್ದು, ಕಲೆ ಬಿದ್ದದ್ದು, ಅದು ನನ್ನ ಸಂಸಾರ. ಹೊಳೆಯುವುದು ಆಕೆಯದು.

ಕೂಡಲೇ ಫೋನು ಹಚ್ಚಿದೆ. "ಹೊರಗ ಏನೂ ಮುಟ್ಟಬ್ಯಾಡ್ರಿ."

"ಡಯಲ್ ಕಲೆನೂ ಹಂಗ ಇರಲೇನ್ರಿ?"

"ಕಲೆನೂ ಇರಲ್ರಿ."

ಇವರು ಚಹಾಕ್ಕೆ ಬಂದಾಗ ಹೇಳಿದೆ. "ನೀನ ಪೂರ್ತಿ ಹೊಸಾದ ಮಾಡಸೂಣು ಅಂದಿದ್ದೆಲ್ಲ?" ಅಂತ ಕಣ್ಣು ಅರಳಿಸಿದರು. ನಾನು ಮೊಬೈಲಿನ ಫೋಟೋ ಮುಂದಿಟ್ಟು, ಇದು ಯಾವಾಗಿನ ಗೀರು, ಇದು ಯಾವಾಗಿನದು ಅಂತ ಒಂದೊಂದಾಗಿ ಕೇಳುತ್ತ ಹೋದೆ. ಬದಿಯ ಉದ್ದ ಗೀರು ಪಂಪಿನ ಮನೆಯ ಕಬ್ಬಿಣದ ಬಾಗಿಲಿನದು. ಕೆಳಗಿನ ಒರಟು ಜಾಗ ನಮ್ಮ ಮಗಳಿಗೆ ಸೈಕಲ್ ಕಲಿಸುವಾಗ ಬಿದ್ದದ್ದು. ಚೈನಿನ ಮೇಲಿನದು ಟ್ರ್ಯಾಕ್ಟರಿನದು. ಎಲ್ಲ ನನ್ನವೇ. ನನಗೆ ಧೈರ್ಯ ಬಂತು. ಕೊಂಡಿಯ ಮೇಲೆ ಬೆರಳಿಟ್ಟು, "ಇದು?" ಅಂದೆ.

ಇವರು ಚಹಾದ ಕಪ್ಪು ಕೆಳಗಿಟ್ಟರು.

"ಆಕಿನ್ನ ಎತ್ತಿ ಜೀಪಿನ್ಯಾಗ ಕುಂದ್ರಸೂ ಮುಂದ ಬಾಗಲಕ್ಕ ಬಡೀತು. ಸಿಂದಗಿಯಿಂದ ವಿಜಾಪುರ ದವಾಖಾನಿ ಮುಟ್ಟೂತನ ಆಕಿ ಅದನ್ನ ನೋಡಿ ನೋಡಿ, ಅಪ್ಪಾ ಬೈತಾನ, ಅಪ್ಪಾ ಬೈತಾನ ಅನ್ನಾಕತ್ತಿದ್ಲು. ಸರಿ ಮಾಡಸ್ತೇನಿ ತೊಗೊ ಅಂದೆ. ಆಮ್ಯಾಲ ಮಾಡಸಲೇ ಇಲ್ಲ."

ಅಂದರೆ ಸರಿ ಮಾಡಿಸಿದರೆ ಆಕೆಗೆ ಕೊಟ್ಟ ಮಾತು ನಡೆದಂತೆ, ಬಿಟ್ಟರೆ ಆಕೆಯ ಗುರುತು ಉಳಿದಂತೆ. ಎತ್ತ ಹೋದರೂ ಅಲ್ಲಿ ಅಕ್ಕ ಕೂತಿದ್ದಳು. ಆ ಜೀಪಿನಲ್ಲಿ ಜೀವ ಹಿಡಿದುಕೊಂಡು ಕೂತವಳ ಮೇಲೂ ನನಗೆ ಹೊಟ್ಟೆ ಉರಿಯಿತು. ಇವರು ಅಷ್ಟು ಅವಸರದಿಂದ ನನ್ನನ್ನು ಯಾವತ್ತೂ ಎತ್ತಿಕೊಂಡಿಲ್ಲ. ಎತ್ತಿಕೊಳ್ಳುವಂಥ ಜಡ್ಡು ನನಗೆ ಬಂದಿಲ್ಲ ಅನ್ನುವುದು ಬೇರೆ ಮಾತು.

"ಹಂಗಾರ ಈಗ ಏನ್ ಮಾಡೂದು? ನೀನ ಹೇಳು" ಅಂದರು.

ಆ ನೆಗ್ಗು ತೆಗೆಸಿದರೆ ಪಂಪಿನ ಮನೆಯೂ ಹೋಗುತ್ತದೆ, ಸೈಕಲ್ಲೂ ಹೋಗುತ್ತದೆ. ಕೈ ಹಚ್ಚಿದರೆ ಪೂರ್ತಿ ಹಚ್ಚಬೇಕು. "ಹಂಗ ಇರಲಿ ಅಂತ ಹೇಳೇನಿ, ಹಂಗ ಇರಲಿ" ಅಂದೆ.

ಪಂಚಮಿಯ ಹಿಂದಿನ ದಿನ ಗಡಿಯಾರ ಬಂತು. ಇವರು ಡಬ್ಬಿ ಹಿಡಿದು ಸೀದಾ ದೇವರ ಮನೆಯ ಕಡೆ ನಡೆದರು.

"ಎಲ್ಲಿಗೆ ಒಯ್ಯಾಕತ್ತೀರಿ?"

"ನಿಮ್ಮ ಅಕ್ಕನ ಮುಂದ ಇಟ್ಟು..."

"ಹೊಸಾದಿದ್ರ ಇಡೂದು. ಇದು ಹಳೇದೈತಿ. ಕೈ ಕೊಡ್ರಿ ಇಲ್ಲೆ."

ಇವರು ಡಬ್ಬಿ ನನಗೆ ಕೊಟ್ಟು ಕೈ ಚಾಚಿದರು. ಅಷ್ಟು ವರ್ಷದಲ್ಲಿ ಆ ಗಡಿಯಾರವನ್ನು ನಾನು ಕಟ್ಟಿದ್ದು ಅದೇ ಮೊದಲು. ಕೊಂಡಿ ಒತ್ತುವಾಗ ನೆಗ್ಗಿದ ಅಂಚು ಹೆಬ್ಬೆರಳಿಗೆ ಚುಚ್ಚಿತು. ಕೈ ತೆಗೆಯದೆ, ಟಕ್ ಅನ್ನುವ ತನಕ ಒತ್ತಿದೆ.