ನಿಂಬೆ ಸಸಿಯ ಪ್ರಶಸ್ತಿ ಮತ್ತು ರಾಜಬಿಯ ಪಾಸ್‌ಪೋರ್ಟ್

ನನ್ನ ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಇಂಡಿ ಹತ್ತಿರದ ತೋಟಗಾರಿಕೆ ಸಂಶೋಧನಾ ಕೇಂದ್ರವೊಂದರಲ್ಲಿ ನಾನು ಸಸ್ಯರೋಗ ವಿಜ್ಞಾನಿ. ಭಾರತ ಮತ್ತು ಶ್ರೀಲಂಕಾದ ಜಂಟಿ ಸಂಶೋಧನೆಗೆಂದೇ ಕೊಡುವ ವಿಜ್ಞಾನ ಪ್ರಶಸ್ತಿಯೊಂದು ಆ ವರ್ಷ ನಮ್ಮ ನಿಂಬೆಯ ಕೆಲಸಕ್ಕೆ ಬಂತು. ಅದರ ಫಲಕ ಮನೆಯಲ್ಲಿದೆ. ಬಂದವರು ಅದನ್ನು ನೋಡಿ ಹೊಗಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಇಲ್ಲಿಯ ನರ್ಸರಿಗಳಿಂದ ಸಿಂದಗಿ, ಮುದ್ದೇಬಿಹಾಳದವರೆಗೂ ನಿಂಬೆ ಸಸಿ ಹೋಗುತ್ತದೆ. ಆದರೆ ಮೊಣಕಾಲೆತ್ತರ ಬರುವಷ್ಟರಲ್ಲಿ ಸಸಿಗಳು ಬಾಡಿ ಸಾಯುತ್ತಿದ್ದವು. ರೋಗದ ಹೆಸರು ಫೈಟಾಫ್ತೊರಾ ಬೇರುಕೊಳೆ. ಒದ್ದೆ ಮಣ್ಣಿನಲ್ಲಿ ಹರಡಿ ಬೇರನ್ನು ಕೊಳೆಸುವ ಸೂಕ್ಷ್ಮಜೀವಿ ಇದಕ್ಕೆ ಕಾರಣ. ಶ್ರೀಲಂಕಾದಲ್ಲೂ ಇದೇ ಗೋಳು. ಅಲ್ಲಿಯ ವಿಜ್ಞಾನಿ ಡಾ. ಪೆರೇರಾ ಮತ್ತು ನಾನು ಮೂರು ವರ್ಷ ಬೀಜ, ನೀರು, ಔಷಧಿ, ಹೊರಗಿನಿಂದ ತರಿಸಿದ ಹೊಸ ಮಣ್ಣು ಎಲ್ಲವನ್ನೂ ಪರೀಕ್ಷಿಸಿದೆವು. ರೋಗ ಎಲ್ಲಿಂದ ಬರುತ್ತಿದೆ ಎನ್ನುವುದು ಮಾತ್ರ ಗೊತ್ತಾಗಲಿಲ್ಲ.

ಗೊತ್ತು ಮಾಡಿದವರು ನಮ್ಮ ನರ್ಸರಿಯಲ್ಲಿ ದಿನಗೂಲಿ ಮಾಡುತ್ತಿದ್ದ ರಾಜಬಿ. ಯಂಕಂಚಿಯ ಹೆಣ್ಣುಮಗಳು, ಎಸ್ಸೆಸ್ಸೆಲ್ಸಿ ಪಾಸು. ಒಂದು ಬೆಳಿಗ್ಗೆ ನನ್ನೆದುರು ಎರಡು ಸಾಲು ಸಸಿಯ ಚೀಲ ತಂದಿಟ್ಟರು. ಒಂದು ಸಾಲಿಗೆ ಕೆಂಪು ದಾರ ಕಟ್ಟಿದ್ದರು.

“ಸರ್, ನೀವು ಸಸಿ ನೋಡ್ತೀರಿ, ಮಣ್ಣ ಎಲ್ಲೀದಂತ ಕೇಳೂದಿಲ್ಲ. ಸತ್ತ ಸಸಿ ಚೀಲದಾಗಿನ ಮಣ್ಣ ನಾವು ಒಗಿಯೂದಿಲ್ರಿ, ಹೊಸಾ ಚೀಲಕ್ಕ ಅದನ್ನ ತುಂಬ್ತೇವಿ. ದಾರ ಕಟ್ಟಿದ್ದು ಆ ಮಣ್ಣಿಂದ್ರಿ.”

ದಾರದ ಸಾಲು ಅರ್ಧಕ್ಕರ್ಧ ಸತ್ತಿತ್ತು. ಪ್ರಯೋಗಾಲಯದ ಪರೀಕ್ಷೆಯಲ್ಲೂ ಅವರು ಹೇಳಿದ್ದೇ ನಿಜವಾಯಿತು. ನಾವು ವಿಜ್ಞಾನಿಗಳು ನರ್ಸರಿಗೆ ಬರುವ ಹೊತ್ತಿಗೆ ಚೀಲ ತುಂಬಿ ಮುಗಿದಿರುತ್ತಿತ್ತು, ಹಾಗಾಗಿ ಯಾರಿಗೂ ಕಂಡಿರಲಿಲ್ಲ. ಅಂದೇ ಪೆರೇರಾ ಅವರಿಗೆ ಮೇಲ್ ಬರೆದೆ: “ನಮ್ಮ ತಂಡ ಕಾರಣ ಪತ್ತೆ ಹಚ್ಚಿದೆ.” ಆ “ನಮ್ಮ ತಂಡ”ವನ್ನು ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ.

ಆಮೇಲೆ ಮಣ್ಣನ್ನು ಹದವಾಗಿ ನೆನೆಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಸಿಲಿಗೆ ಕಾಯಿಸುವ ಕ್ರಮ ತಂದೆವು. ಆ ಹದ ಹಿಡಿದವರೂ ರಾಜಬಿಯೇ. ನಮ್ಮಲ್ಲಿ ಸಸಿಗಳು ಉಳಿದವು. ಶ್ರೀಲಂಕಾದಲ್ಲೂ ಅದೇ ಕಾರಣ ಎಂದು ಪೆರೇರಾ ಪರೀಕ್ಷಿಸಿ ಬರೆದರು.

ಪ್ರಶಸ್ತಿ ಪಡೆದವರು ಕೊಲಂಬೊಗೆ ಹೋಗಿ ಅಲ್ಲಿಯ ನರ್ಸರಿಯವರಿಗೆ ಕೆಲಸ ಕಲಿಸಬೇಕೆಂಬ ನಿಯಮವಿತ್ತು. ಪ್ರಶಸ್ತಿಯ ಅರ್ಜಿಯಲ್ಲಿ ನಿಮ್ಮ ಹೆಸರೂ ಇರುತ್ತದೆ ಎಂದು ರಾಜಬಿಗೆ ನಾನೇ ಹೇಳಿದ್ದೆ. ರಾಜಬಿ ವಿಜಯಪುರಕ್ಕೆ ಎರಡು ಸಲ ಓಡಾಡಿ ಪಾಸ್‌ಪೋರ್ಟ್ ಮಾಡಿಸಿದರು. ಬಸವನ ಬಾಗೇವಾಡಿಯ ಆಚೆ ಊರು ಕಾಣದ ಹೆಂಗಸು ಸಮುದ್ರ ದಾಟಲು ತಯಾರಾದರು.

ಅರ್ಜಿ ನೋಡಿದ ನಮ್ಮ ನಿರ್ದೇಶಕರು “ರಾಜಬಿ” ಎಂಬಲ್ಲಿ ಗೆರೆ ಎಳೆದರು. “ಪದವಿಯ ಕಾಲಂನಲ್ಲಿ ಏನು ಬರೀತೀರಿ? ಚೀಲ ತುಂಬೋರು ಅಂತಲೇ?” ಎಂದು ನಕ್ಕರು. ನನಗೆ ಸಿಟ್ಟು ಬಂತು. ಆದರೂ ಸಹಿ ಹಾಕಿದೆ. ಜಗಳಾಡಿದರೆ ಅರ್ಜಿಯೇ ನಿಲ್ಲುತ್ತಿತ್ತು, ನನಗೂ ಪ್ರಶಸ್ತಿ ಬೇಕಿತ್ತು.

ವಿಷಯ ಹೇಳಿದಾಗ ರಾಜಬಿ ಅಳಲಿಲ್ಲ.

“ನಾ ನೋಡಿದ್ದು ಸುಳ್ಳೇನ್ರಿ ಸರ್?”

“ಇಲ್ಲ.”

“ಹಂಗಾದ್ರ ನನ್ನ ಹೆಸರ ಯಾಕ ತಗದ್ರಿ?”

ನಿಯಮ, ಕಾಲಂ, ಮೇಲಿನವರು ಎಂದು ಏನೇನೋ ಗೊಣಗಿದೆ.

ಕೊಲಂಬೊದ ನರ್ಸರಿಯಲ್ಲಿ ಸುಮಾರು ಮೂವತ್ತು ಕೆಲಸಗಾರರು ನನ್ನ ಸುತ್ತ ನಿಂತಿದ್ದರು. ಮಣ್ಣಿಗೆ ನೀರು ಹಾಕಿಸಿದೆ, ಕೆಸರಾಯಿತು. ಇನ್ನೊಂದು ರಾಶಿ ಪುಡಿಯಾಗಿಯೇ ಉಳಿಯಿತು. ರಾಜಬಿ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಹದ ಹೇಳುತ್ತಿದ್ದರು. ನಾನು ಒಂದು ದಿನವೂ ಹಿಸುಕಿ ನೋಡಿರಲಿಲ್ಲ. ಪೆರೇರಾ ಮೆಲ್ಲಗೆ ಕೇಳಿದರು, “ಇದನ್ನು ನಿಜವಾಗಿ ಮಾಡಿದವರು ಯಾರು?”

ಹೇಳಿದೆ. ಅವರ ಮುಖ ಬಿಗಿಯಾಯಿತು. “ಇಷ್ಟು ದಿನ ನನಗೇಕೆ ಹೇಳಲಿಲ್ಲ? ಪೂರ್ತಿ ಹೆಸರು ಬರೆದುಕೊಡಿ” ಎಂದು ನೋಟ್‌ಬುಕ್ ಚಾಚಿದರು.

ಪೂರ್ತಿ ಹೆಸರು ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದ್ದೆ. ಅಲ್ಲಿಂದಲೇ ಇಂಡಿಗೆ ಫೋನ್ ಹಚ್ಚಿದೆ.

“ಪಾಸ್‌ಪೋರ್ಟಿನ್ಯಾಗ ಐತ್ರಿ ಸರ್,” ಎಂದರು ರಾಜಬಿ. “ಝೆರಾಕ್ಸ್ ನಿಮ್ಮ ಟೇಬಲ್ ಮ್ಯಾಲ ಇಟ್ಟು ನಾಕು ತಿಂಗಳಾತು. ನೀವು ತಗದ ನೋಡಿಲ್ಲೇನು?”

ಊರಿಗೆ ಬಂದು ಆ ಝೆರಾಕ್ಸ್ ತೆಗೆದು ನೋಡಿ, ಅವರ ಹೆಸರು ಸೇರಿಸಬೇಕೆಂದು ಪ್ರಶಸ್ತಿಯವರಿಗೆ ಪತ್ರ ಬರೆದೆ. ಪಟ್ಟಿ ಬದಲಿಸಲು ಬರುವುದಿಲ್ಲ ಎಂದು ಉತ್ತರ ಬಂತು. ಕಂಡುಹಿಡಿದವರ ಹೆಸರನ್ನು ಕಂಡುಹಿಡಿದ ದಿನವೇ ಬರೆದಿಡಬೇಕು. ಅರ್ಜಿಯ ದಿನ ಬಂದಾಗ ಅದನ್ನು ಹೊಡೆದು ಹಾಕುವವರು ಸಾಲಾಗಿ ನಿಂತಿರುತ್ತಾರೆ, ಆ ಸಾಲಿನಲ್ಲಿ ಮೊದಲನೆಯವನು ನಾನೇ ಇದ್ದೆ. ನೌಕರಿ ನನಗೆ ಇದನ್ನು ತಡವಾಗಿ ಕಲಿಸಿತು. ಆದ್ದರಿಂದ ಇಲ್ಲಾದರೂ ಬರೆಯುತ್ತೇನೆ: ನಿಂಬೆಯ ಬೇರುಕೊಳೆ ಎಲ್ಲಿಂದ ಬರುತ್ತದೆಂದು ಮೊದಲು ಕಂಡವರು ರಾಜಬಿ ಮಕ್ತುಮಸಾಬ ನದಾಫ.